ನಿಂಬೆಹಣ್ಣು ಇಟ್ಟೆ, ಗಾಳಿ ನೋಡಲಿಲ್ಲ

ರಜೆಯಲ್ಲಿ ಮೇಷ್ಟ್ರುಗಳು ಏನು ಮಾಡುತ್ತಾರೆ ಎಂದು ಮಕ್ಕಳು ಆಗಾಗ ಕೇಳುತ್ತಾರೆ. ಪೋಷಕರು ಕೇಳುವುದಿಲ್ಲ, ಏಕೆಂದರೆ ನಾವು ಮನೆಯಲ್ಲಿ ಮಲಗಿರುತ್ತೇವೆ ಎಂದು ಅವರಿಗೆ ಖಚಿತವಾಗಿ ಗೊತ್ತು! ಇಬ್ಬರಿಗೂ ಉತ್ತರವಾಗಿ ಈ ವಾರ ನನ್ನದೇ ಒಂದು ರಜಾ ದಿನದ ಕಥೆ ಹೇಳುತ್ತೇನೆ. ಇದರಲ್ಲಿ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಚಿಂತೆಯಿಲ್ಲ, ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವನಿಗೆ ಅದರ ಅಭ್ಯಾಸವಿದೆ.

2024ರ ಅಕ್ಟೋಬರ್ ತಿಂಗಳು, ಆಯುಧಪೂಜೆಯ ದಿನ. ಮಗಳು ಹತ್ತನೇ ತರಗತಿ. ‘ಎಸ್ಸೆಸ್ಸೆಲ್ಸಿ ಮಗು’ ಎಂದರೆ ಮನೆಯಲ್ಲಿ ಒಂದು ಬಗೆಯ ಸೂತಕ ಇದ್ದ ಹಾಗೆ. ಟಿ.ವಿ. ಇಲ್ಲ, ಮದುವೆ ಮುಂಜಿ ಇಲ್ಲ, ನಗುವುದಕ್ಕೂ ಸಮಯ ನೋಡಬೇಕು. ದಸರಾ ರಜೆಯ ಒಂದು ದಿನವಾದರೂ ಅವಳನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆಂದು ನಾನು ಹಟ ಹಿಡಿದೆ. ನನ್ನ ಶ್ರೀಮತಿ ‘ಒಂದು ದಿನ ಹೋದರೆ ಒಂದು ಪಾಠ ಹೋಗುತ್ತದೆ’ ಎಂದಳು. ಮೇಷ್ಟ್ರ ಹೆಂಡತಿ ಮೇಷ್ಟ್ರಿಗಿಂತ ದೊಡ್ಡ ಮೇಷ್ಟ್ರು. ಕೊನೆಗೆ, ಕತ್ತಲಾಗುವುದರೊಳಗೆ ಮನೆ ಸೇರಬೇಕೆಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಬೆಳಿಗ್ಗೆ ಬೈಕ್ ತೊಳೆದೆ. ಹದಿನೈದು ವರ್ಷದ ಹಳೆಯ ಗಾಡಿ. ಅರಿಸಿನ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ಚೆಂಡು ಹೂವಿನ ಹಾರ ಹಾಕಿ, ಎರಡು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು, ಮಂಗಳಾರತಿ ಎತ್ತಿ, ಅದರ ಮೇಲೆ ಹತ್ತಿಸಿ ಪಟ್ ಪಟ್ ಎಂದು ಒಡೆದದ್ದೂ ಆಯಿತು. ವಿಜ್ಞಾನದ ಮೇಷ್ಟ್ರಿಗೆ ನಿಂಬೆಹಣ್ಣು ಏಕೆ ಎಂದು ಕೇಳಬೇಡಿ, ಅದು ನನ್ನ ತಾಯಿಯ ಪದ್ಧತಿ. ಆದರೆ ಚಕ್ರದ ಕೆಳಗೆ ಬಗ್ಗಿ ನಿಂಬೆಹಣ್ಣು ಇಟ್ಟವನು ಅದೇ ಚಕ್ರವನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಗಾಳಿ ನೋಡಬಹುದಿತ್ತಲ್ಲ? ನೋಡಲಿಲ್ಲ. ಗಾಳಿ ಹಿಡಿಸಿ ಒಂದು ತಿಂಗಳ ಮೇಲಾಗಿತ್ತು.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸುಮಾರು 35 ಕಿಲೋಮೀಟರು. ನಡುವೆ ತೆರಕಣಾಂಬಿ. ನಮ್ಮ ಜಿಲ್ಲೆ 1997ರಲ್ಲಿ ಮೈಸೂರಿನಿಂದ ಬೇರೆಯಾಯಿತು. ಪ್ರವಾಸಿಗರು ಗುಂಡ್ಲುಪೇಟೆಯ ಮೇಲೆ ಊಟಿಗೋ ವಯನಾಡಿಗೋ ಹೋಗುತ್ತಾರೆಯೇ ಹೊರತು ತೆರಕಣಾಂಬಿಯ ಹಳೆಯ ದೇವಾಲಯಗಳನ್ನು ನೋಡಲು ನಿಲ್ಲುವವರು ಕಡಿಮೆ. ಮಳೆಗಾಲದಲ್ಲಿ ಗುಂಡ್ಲುಪೇಟೆಯ ಸುತ್ತ ಹಳದಿ ಕಿತ್ತಳೆ ಬಣ್ಣದ ಹಾಸು. ಅದು ಬರೀ ದೇವರ ಹೂವಲ್ಲ, ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿ ಬೆಳೆಯುವ ಚೆಂಡು ಹೂವು. ಅದರಲ್ಲಿರುವ ಲ್ಯೂಟಿನ್ ಎಂಬ ವರ್ಣದ್ರವ್ಯವನ್ನು ಕೋಳಿ ಆಹಾರಕ್ಕೂ ಬೆರೆಸುತ್ತಾರೆ, ಮೊಟ್ಟೆಯ ಹಳದಿ ಇನ್ನಷ್ಟು ಹಳದಿಯಾಗಲಿ ಎಂದು. ಇದನ್ನು ಹೇಳಿದಾಗ ಹಿಂದೆ ಕುಳಿತಿದ್ದ ಮಗಳು, ‘ಹಾಗಾದರೆ ಆಮ್ಲೆಟ್ಟೂ ಚೆಂಡು ಹೂವೇ’ ಎಂದಳು. ನಾವು ಹೋದ ವೇಳೆಗೆ ಹೂವಿನ ಕಾಲ ಮುಗಿದು, ಅಲ್ಲೊಂದು ಇಲ್ಲೊಂದು ಹೊಲ ಮಾತ್ರ ಬಣ್ಣ ಉಳಿಸಿಕೊಂಡಿತ್ತು.

ಹಿಮವದ್ ಗೋಪಾಲಸ್ವಾಮಿ ಬೆಟ್ಟ ಬಂಡೀಪುರದ ಕಾಡಿನೊಳಗಿದೆ. ನಮ್ಮ ಗಾಡಿಗಳನ್ನು ಮೇಲಕ್ಕೆ ಬಿಡುವುದಿಲ್ಲ. ಬೆಟ್ಟದ ಬುಡದಲ್ಲಿ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು. ಬೆಟ್ಟದ ಎತ್ತರ 1454 ಮೀಟರು, ಗುಂಡ್ಲುಪೇಟೆಯದು ಸುಮಾರು 800. ಸಾವಿರ ಮೀಟರು ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಂತೆ ಮೇಲೆ ನಾಲ್ಕು ಡಿಗ್ರಿಯಾದರೂ ತಂಪು. ಲೆಕ್ಕಕ್ಕೆ ಸಿಗದದ್ದು ಆ ಮಂಜು. ಹತ್ತು ಹೆಜ್ಜೆ ಆಚೆ ನಿಂತ ಮಗಳು ಕಾಣಿಸಲಿಲ್ಲ, ನಗು ಮಾತ್ರ ಕೇಳಿಸಿತು. ಹಲವು ತಿಂಗಳಿನಿಂದ ಆ ನಗು ಕೇಳಿರಲಿಲ್ಲ. ಅವಳು ನನ್ನ ಫೋನಿನಲ್ಲಿ ಮಂಜಿನ ಚಿತ್ರ ತೆಗೆದೂ ತೆಗೆದೂ ಬ್ಯಾಟರಿ ಮುಗಿಸಿದಳು. ಮಂಜಿನ ಎಂಬತ್ತು ಚಿತ್ರ ಒಂದೇ ಥರ ಇರುತ್ತವೆ ಎಂದು ನಾನು ಗದರಲೂ ಇಲ್ಲ.

ಗುಂಡ್ಲುಪೇಟೆಯಲ್ಲಿ ತಿಂಡಿ ತಿಂದು ಹೊರಟಾಗ ಐದು ಗಂಟೆಗೆ ಹತ್ತು ನಿಮಿಷ ಇತ್ತು. ತೆರಕಣಾಂಬಿಗೆ ಇನ್ನು ಐದಾರು ಕಿಲೋಮೀಟರು ಇರುವಾಗ ರಸ್ತೆಗೆ ಅಡ್ಡ ಬಂದ ಮೇಕೆಗಾಗಿ ಜೋರಾಗಿ ಬ್ರೇಕ್ ಹಾಕಿದೆ. ಮೇಕೆ ಬದುಕಿತು. ನಮ್ಮ ಬೈಕು ಮಾತ್ರ ಹಿಂದೆ ಹಾವಿನಂತೆ ಹರಿದಾಡಿ, ಬುಸ್ ಎಂದು ಕುಸಿಯಿತು.

ಇಳಿದು ನೋಡಿದೆ. ಟೈರಿನಲ್ಲಿ ಮೊಳೆ ಇಲ್ಲ, ಮುಳ್ಳು ಇಲ್ಲ. ಗಾಳಿ ತುಂಬುವ ವಾಲ್ವ್ ಮಾತ್ರ ಕುಡಿದವನಂತೆ ವಾಲಿಕೊಂಡಿತ್ತು. ಎಂಟನೇ ತರಗತಿಗೆ ಪ್ರತಿವರ್ಷ ಘರ್ಷಣೆಯ ಪಾಠ ಮಾಡುವ ನನಗೆ ಏನಾಗಿದೆ ಎಂದು ತಕ್ಷಣ ತಿಳಿಯಿತು. ತಿಳಿದಿದ್ದರಿಂದ ಆದ ಪ್ರಯೋಜನ ಮಾತ್ರ ಸೊನ್ನೆ. ವಿದ್ಯಾರ್ಥಿಗಳೇ, ಟೈರನ್ನು ರಿಮ್ಮಿಗೆ ಯಾರೂ ಅಂಟಿಸಿರುವುದಿಲ್ಲ. ಒಳಗಿನ ಗಾಳಿ ಟೈರಿನ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿದಿರುತ್ತದೆ. ಆ ಒತ್ತಡದಿಂದಲೇ ಅಲ್ಲಿ ಘರ್ಷಣೆ. ಗಾಳಿ ಕಡಿಮೆಯಾದರೆ ಹಿಡಿತವೂ ಕಡಿಮೆ. ಆಗ ಬ್ರೇಕ್ ಹಾಕಿದರೆ ರಿಮ್ಮು ನಿಲ್ಲುತ್ತದೆ, ಟೈರು ಟ್ಯೂಬನ್ನೂ ಎಳೆದುಕೊಂಡು ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಟ್ಯೂಬಿನ ವಾಲ್ವ್ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿದೆಯಲ್ಲ, ಅದು ಎಲ್ಲಿಗೆ ಹೋದೀತು? ವಾಲುತ್ತದೆ, ಕೊನೆಗೆ ಬುಡದಲ್ಲಿ ಕಿತ್ತುಕೊಳ್ಳುತ್ತದೆ. ಮೊಳೆಯ ತೂತಿಗಾದರೆ ತೇಪೆ ಹಾಕಬಹುದು, ಇದಕ್ಕೆ ಹೊಸ ಟ್ಯೂಬೇ ಆಗಬೇಕು. ಅಂದರೆ ಇದು ದಾರಿಯ ತಪ್ಪಲ್ಲ, ಮೇಕೆಯ ತಪ್ಪೂ ಅಲ್ಲ. ಹೆಬ್ಬೆರಳು ಒತ್ತದ ಮೇಷ್ಟ್ರ ತಪ್ಪು.

ಹಬ್ಬದ ಸಂಜೆ. ವಾಹನಗಳೇ ಕಡಿಮೆ. ಗುಂಡ್ಲುಪೇಟೆಯ ಕಡೆ ಹೋಗುವ ಸರಕು ಗಾಡಿಗಳಿಗೆ ಅವರದೇ ಆತುರ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದರಿಂದ ಅಷ್ಟರೊಳಗೆ ಅವರು ಕಾಡು ದಾಟಬೇಕು. ಒಂದು ಕಾರು ನಿಧಾನ ಮಾಡಿತು, ಒಳಗಿದ್ದವರು ಅಯ್ಯೋ ಪಾಪ ಎಂಬಂತೆ ನೋಡಿದರು, ಹೋದರು. ಅವರನ್ನು ಬಯ್ಯುವ ಹಕ್ಕು ನನಗಿಲ್ಲ. ನಾನೂ ಹಾಗೆ ಎಷ್ಟು ಸಲ ಹೋಗಿಲ್ಲ? ಒಂದು ಬಸ್ಸು ಬಂತು. ಮಗಳನ್ನು ಹತ್ತಿಸಿಬಿಡಲೇ ಎಂದುಕೊಂಡೆ. ‘ನೀನೊಬ್ಬನೇ ಇಲ್ಲಿ ಕತ್ತಲಲ್ಲಿ ಏನು ಮಾಡ್ತೀಯಪ್ಪ?’ ಎಂದು ಅವಳು ಕದಲಲಿಲ್ಲ. ದೂರದಲ್ಲಿ ಹುಲುಗಿನಮುರಡಿ ಬೆಟ್ಟ ಕಪ್ಪಾಗತೊಡಗಿತ್ತು.

ಆಗ ಗದ್ದೆ ಬದಿಯ ಮಣ್ಣುದಾರಿಯಿಂದ ಒಂದು ಮೊಪೆಡ್ ಹತ್ತಿ ಬಂತು. ಎರಡು ಕಡೆ ಹಾಲಿನ ಕ್ಯಾನು, ಅವುಗಳ ಮೇಲೆ ಒದ್ದೆ ಗೋಣಿಚೀಲ. ನಲವತ್ತೈದರ ಆಸುಪಾಸಿನ ಮನುಷ್ಯ, ತಲೆಗೆ ಟವೆಲು. ನಾವು ಕೈ ಅಡ್ಡ ಹಿಡಿಯುವ ಮೊದಲೇ ನಿಲ್ಲಿಸಿದರು.

‘ಏನಾಯ್ತು ಸಾ?’

ಹೇಳಿದೆ. ಕೆಳಗೆ ಕುಳಿತು ವಾಲ್ವನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರು. ‘ವಾಲು ಕಿತ್ತೋಗದ. ಹೊಸ ಟೂಬೇ ಆಗ್ಬೇಕು. ತೆರಕಣಾಂಬಿಲಿ ಒಬ್ಬ ಅವ್ನ. ಆದ್ರ ಇವತ್ತು ಆಯುಧಪೂಜ ಅಲ್ವಾ, ಆರಕ್ಕೆಲ್ಲ ಬಾಗ್ಲಾಕ್ಬುಟ್ಟು ಹೊಂಟೋಯ್ತಾನ.’ ಫೋನು ಮಾಡಿದರು, ಆ ಕಡೆಯವನು ಎತ್ತಲಿಲ್ಲ. ಅದೇ ಫೋನಿನಿಂದ ನಾನು ಮನೆಗೆ ಒಂದು ಮಾತು ಹೇಳಿದೆ. ಮನೆಯವಳ ಉತ್ತರವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಗಂಟೆ ಐದೂ ನಲವತ್ತು. ಅವರ ಊರಿನ ಡೇರಿ ತೆರೆಯುವುದು ಆರಕ್ಕೆ, ಮುಚ್ಚುವುದು ಏಳಕ್ಕೆ. ಡೇರಿ ತೆರೆಯುವವರೆಗೆ ಕಾದರೆ ಪಂಚರ್ ಅಂಗಡಿ ಮುಚ್ಚುತ್ತದೆ. ಪಂಚರ್ ಅಂಗಡಿಗೆ ಹೋದರೆ ಡೇರಿ ಸಿಕ್ಕುವುದು ಅನುಮಾನ. ಅವರು ಅರ್ಧ ನಿಮಿಷ ರಸ್ತೆಯ ಎರಡು ಕಡೆಗೂ ನೋಡಿದರು. ಆ ಮೇಲೆ ಕ್ಯಾನುಗಳ ಹಗ್ಗ ಬಿಚ್ಚಿ ಹುಣಸೆ ಮರದ ಬುಡದಲ್ಲಿ ಇಳಿಸಿದರು. ಮೊಪೆಡ್ಡಿನ ಪೆಟ್ಟಿಗೆಯಿಂದ ಸ್ಪ್ಯಾನರು ತೆಗೆದು, ನನ್ನ ಬೈಕನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿಸಿ, ಚೈನು ಮುಟ್ಟದೆ ಹಿಂಚಕ್ರವನ್ನು ಮಾತ್ರ ಕಳಚಿಕೊಂಡರು. ನನ್ನ ಬೈಕಿನಲ್ಲಿ ಹಾಗೆ ಚಕ್ರ ಕಳಚಬಹುದೆಂದು ಹದಿನೈದು ವರ್ಷದಿಂದ ನನಗೇ ಗೊತ್ತಿರಲಿಲ್ಲ. ಟ್ಯೂಬಿಗೆಂದು ಐನೂರರ ನೋಟು ಕೊಟ್ಟೆ.

‘ನೀವು ಹಾಲ ನೋಡ್ಕಳಿ ಸಾ, ನಾನು ಚಕ್ರ ನೋಡ್ಕತೀನಿ’ ಎಂದು ಚಕ್ರವನ್ನು ಹಿಂದೆ ಬಿಗಿದುಕೊಂಡು ಹೊರಟೇಹೋದರು.

ಮೊಪೆಡ್ಡಿನ ಸದ್ದು ಅಡಗಿದ ಮೇಲೆ ಮಗಳು ಮೆಲ್ಲಗೆ ಕೇಳಿದಳು: ‘ಅಪ್ಪ, ಅವರು ಚಕ್ರ ತಗೊಂಡು ಹೋಗಿಬಿಟ್ಟರೆ?’

ಸುಳ್ಳು ಹೇಳುವುದಿಲ್ಲ, ನಾನೂ ಅದನ್ನೇ ಯೋಚಿಸುತ್ತಿದ್ದೆ. ಹೆಸರು ಕೇಳಿರಲಿಲ್ಲ, ಊರು ಕೇಳಿರಲಿಲ್ಲ, ಮೊಪೆಡ್ಡಿನ ನಂಬರು ನೋಡಿರಲಿಲ್ಲ. ನಾನು ಉತ್ತರಿಸುವ ಮೊದಲೇ ಅವಳು ಕ್ಯಾನುಗಳನ್ನು ನೋಡಿ, ‘ಆದರೆ ಹಾಲು ಇಲ್ಲೇ ಇದೆಯಲ್ಲ’ ಎಂದಳು. ಎರಡೂ ಸೇರಿ ಹದಿನಾಲ್ಕು ಲೀಟರು ಎಂದಿದ್ದರು. ಲೀಟರಿಗೆ ಮೂವತ್ತೇ ಎಂದರೂ ನಾನೂರ ಇಪ್ಪತ್ತು ರೂಪಾಯಿ. ನಾವು ಮೇಷ್ಟ್ರು ಎಂದಾಗಲಿ ಎಲ್ಲಿಯವರೆಂದಾಗಲಿ ಆತನೂ ಕೇಳಿರಲಿಲ್ಲ. ನಾವು ಯಾವುದೋ ಆಟೋ ನಿಲ್ಲಿಸಿ ಕ್ಯಾನು ಹೇರಿಕೊಂಡು ಹೋಗಬಹುದು ಎಂಬ ಯೋಚನೆ ಆತನಿಗೆ ಬಂದಿತ್ತೋ ಇಲ್ಲವೋ. ನಮಗೆ ಬಂದಿತ್ತು, ಆತನ ಬಗ್ಗೆ.

ಗೋಣಿಚೀಲ ಒಣಗತೊಡಗಿತು. ಕರೆದ ಹಾಲು ಹಸುವಿನ ಮೈಯ ಬಿಸಿಯಲ್ಲೇ ಇರುತ್ತದೆ. ಆ ಬಿಸಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಅದಕ್ಕೇ ಡೇರಿಗಳು ಹಾಲನ್ನು ಬೇಗ ನಾಲ್ಕು ಡಿಗ್ರಿಗೆ ಇಳಿಸಲು ಅಷ್ಟು ಅವಸರ ಮಾಡುವುದು. ಇದನ್ನೆಲ್ಲ ನಾನು ವಿವರಿಸುತ್ತಿರುವಾಗ ಅವಳು ಎದ್ದು ನಮ್ಮ ನೀರಿನ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಗೋಣಿಯ ಮೇಲೆ ಸುರಿದಳು. ‘ಆವಿಯಾಗುವಾಗ ಶಾಖ ತಗೊಳ್ಳುತ್ತೆ, ಒಂಬತ್ತನೇ ಕ್ಲಾಸಿನಲ್ಲಿ ನೀವೇ ಮಾಡಿದ್ದು’ ಎಂದಳು. ಶಾಲೆಯಲ್ಲಿ ನಾನೇ ಅವಳ ಮೇಷ್ಟ್ರು, ಅಲ್ಲಿನ ಪಾಠದ ಮಾತು ಬಂದರೆ ಬಹುವಚನ. ಆಮೇಲೆ ಹೆಲ್ಮೆಟ್ಟು ಹಿಡಿದು ಗಾಳಿ ಬೀಸತೊಡಗಿದಳು. ಕುಡಿಯಲು ಒಂದು ಗುಟುಕೂ ಉಳಿದಿಲ್ಲವಲ್ಲ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಕಾಯುವಾಗ ಅವಳಿಗೆ ಡನ್‌ಲಪ್‌ನ ಕಥೆ ಹೇಳಿದೆ. ಗಾಳಿ ತುಂಬಿದ ಟೈರಿಗೆ 1845ರಲ್ಲೇ ರಾಬರ್ಟ್ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು ಹಕ್ಕುಪತ್ರ ಪಡೆದಿದ್ದ, ಆದರೆ ಆಗ ಅದು ಯಾರಿಗೂ ಬೇಕಾಗಲಿಲ್ಲ, ಮರೆತೇಹೋಯಿತು. 1887ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾದಿಯಲ್ಲಿ ಕುಲುಕುವುದನ್ನು ನೋಡಲಾರದೆ, ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದ. ಆತ ಎಂಜಿನಿಯರಲ್ಲ, ದನಕರುಗಳ ಡಾಕ್ಟರು. ‘ಅವನು ಮಗನಿಗೆ ಟೈರು ಮಾಡಿಕೊಟ್ಟ, ನೀನು ಗಾಳಿನೂ ಹಾಕಿಸಲಿಲ್ಲ’ ಎಂದಳು ಮಗಳು. ಕಥೆ ಹೇಳಬಾರದಿತ್ತು.

ಆರೂವರೆಯಾಯಿತು, ಪೂರ್ತಿ ಕತ್ತಲು. ಆರೂ ಮುಕ್ಕಾಲು. ಪ್ರತಿಯೊಂದು ದೀಪವೂ ಆತನದೇ ಎನ್ನಿಸಿ, ಹತ್ತಿರ ಬಂದು ದಾಟಿ ಹೋಗುತ್ತಿತ್ತು. ಮಗಳು ನನ್ನ ತೋಳು ಹಿಡಿದು ನಿಂತಳು, ಏನೂ ಮಾತಾಡಲಿಲ್ಲ. ಬೇರೆ ಏನು ಮಾಡಬಹುದೆಂದು ಲೆಕ್ಕ ಹಾಕುತ್ತಿದ್ದೆ. ಯಾವ ಲೆಕ್ಕದಲ್ಲೂ ಹಾಲಿನ ಕ್ಯಾನುಗಳನ್ನು ಅಲ್ಲಿ ಬಿಟ್ಟು ಹೋಗುವಂತಿರಲಿಲ್ಲ.

ಏಳಕ್ಕೆ ಐದು ನಿಮಿಷ ಇರುವಾಗ ಬಂದರು. ಅಂಗಡಿ ಮುಚ್ಚಿತ್ತಂತೆ. ಮೆಕ್ಯಾನಿಕ್ಕನ ಮನೆ ಹುಡುಕಿಕೊಂಡು ಹೋದರೆ, ಸ್ಪ್ಯಾನರು, ಲಿವರು, ಪಂಪು ಎಲ್ಲವನ್ನೂ ಪೂಜೆಗೆ ಇಟ್ಟಾಗಿದೆ, ಇವತ್ತು ಮುಟ್ಟುವಂತಿಲ್ಲ ಎಂದನಂತೆ. ಆತನ ತಾಯಿ ಒಳಗಿಂದ, ‘ದಾರೀಲಿ ಕೂಸು ನಿಂತದ ಅಂತಾವ್ರ, ಕೆಲ್ಸುಕ್ಕಲ್ದೆ ಆಯುಧ ಯಾತಕ್ಕ ಇರಾದು, ತಕಂಡೋಗು’ ಎಂದು ಗದರಿದ ಮೇಲೆ ಕುಂಕುಮ ಹಚ್ಚಿದ ಲಿವರಿನಲ್ಲೇ ಟೈರು ಬಿಚ್ಚಿ ಹೊಸ ಟ್ಯೂಬು ಹಾಕಿದನಂತೆ. ಚಕ್ರದ ಮೇಲೆ ಆತನ ಬೆರಳಿನ ಕುಂಕುಮ ಮೆತ್ತಿಕೊಂಡಿತ್ತು. ಟ್ಯೂಬಿನ ಹಣ ಕಳೆದು ಉಳಿದ ಚಿಲ್ಲರೆಯನ್ನು ಎಣಿಸಿ ನನ್ನ ಕೈಗೆ ಕೊಟ್ಟರು. ಪೂಜೆಯ ದಿನ ಕೂಲಿ ಬೇಡವೆಂದಿದ್ದನಂತೆ. ‘ಅವ್ವ ಕೂಸುಗ ಕೊಟ್ರು’ ಎಂದು ಒಂದು ಕಾಗದದ ಪೊಟ್ಟಣ ಕೊಟ್ಟರು. ಕಡ್ಲೆಪುರಿ, ಎರಡು ಬಾಳೆಹಣ್ಣು.

ಟಾರ್ಚ್ ಹಿಡಿಯುವುದಷ್ಟೇ ನನ್ನ ಕೆಲಸ. ಐದು ನಿಮಿಷದಲ್ಲಿ ಚಕ್ರ ಕೂತಿತು. ಕ್ಯಾನು ಕಟ್ಟಿಕೊಂಡು ಅವರು ಹೊರಟರು. ಡೇರಿಯವರಿಗೆ ತಡವಾದ ಕಾರಣ ನಾನೇ ಹೇಳುತ್ತೇನೆಂದು ಹಿಂದೆಯೇ ಹೋದೆ. ‘ಬ್ಯಾಡಿ ಸಾ, ಕತ್ಲಾಯ್ತು, ಹೋಗಿ’ ಎಂದರೂ ಕೇಳಲಿಲ್ಲ. ಒಂದು ಕಿಲೋಮೀಟರು ಒಳಗೆ ಊರು. ಡೇರಿಯ ಬಾಗಿಲಿಗೆ ಮಾವಿನ ಸೊಪ್ಪು, ಬಾಳೆಕಂದು, ಬೀಗ. ಏಳೂ ಹದಿನೈದು.

ಹಾಲು ಕೆಟ್ಟಿರಲಿಲ್ಲ. ಗೋಣಿಯನ್ನು ಮುಟ್ಟಿ ನೋಡಿದೆ, ಇನ್ನೂ ತಣ್ಣಗಿತ್ತು. ಆದರೆ ತಗೊಳ್ಳುವವರು ಇರಲಿಲ್ಲ. ನಾನು ಐನೂರು ತೆಗೆದೆ. ಅದುವರೆಗೆ ನಗುನಗುತ್ತಿದ್ದ ಮನುಷ್ಯ ಗಂಭೀರವಾದರು.

‘ನಾನು ನಿಮ್ಗ ಹಾಲು ಮಾರ್ಲಿಲ್ವಲ್ಲ ಸಾ.’

‘ನಷ್ಟ ಆಯಿತಲ್ಲ ಯಜಮಾನರೇ.’

‘ಬುಡಿ ಸಾ. ಮನೇಲಿ ಹೆಪ್ಪಾಕ್ತಾಳ. ನಾಳ ಹಬ್ಬ ಅಲ್ವಾ.’

ಹದಿನಾಲ್ಕು ಲೀಟರು ಹಾಲಿಗೆ ಹೆಪ್ಪು! ನೋಟು ನನ್ನ ಕೈಯಲ್ಲೇ ಉಳಿಯಿತು. ಮಗಳು ‘ಅಂಕಲ್, ನಿಮ್ಮ ಹೆಸರು?’ ಎಂದು ಕೇಳಿದಳು. ಹೇಳಿದರು. ಪತ್ರಿಕೆಗೆ ಬರೆಯುತ್ತೇನೆಂದು ತಿಳಿದ ಮೇಲೆ ಹೆಸರು ಬೇಡವೆಂದರು, ಆದ್ದರಿಂದ ಇಲ್ಲಿ ಇಲ್ಲ. ಮುಖ್ಯರಸ್ತೆಯವರೆಗೂ ಬಂದು ಬಿಟ್ಟು ಹೋದರು. ಒಂಬತ್ತಕ್ಕೆ ಮನೆ ಸೇರಿದೆವು. ನನ್ನ ಶ್ರೀಮತಿ ಇಬ್ಬರ ಮುಖವನ್ನೂ ನೋಡಿ, ಬೆಳಿಗ್ಗೆಯಿಂದ ಸಿದ್ಧಪಡಿಸಿಕೊಂಡಿದ್ದ ಭಾಷಣವನ್ನು ಮರುದಿನಕ್ಕೆ ಮುಂದೂಡಿದಳು. ಆ ಭಾನುವಾರದಿಂದ ಗಾಳಿ ನೋಡುವ ಹೊಣೆ ಮಗಳದು. ಹಳೆಯ ಫುಟ್‌ಪಂಪು, ಒಂದು ಒತ್ತಡ ಮಾಪಕ, ಒಂದು ನೋಟ್‌ಬುಕ್ಕು. ಅದರಲ್ಲಿ ನನಗೆ ಅಂಕ ಹಾಕುತ್ತಾಳೆ.

ಪರೀಕ್ಷೆ ಮುಗಿದು 2025ರ ಬೇಸಿಗೆ ರಜೆಯಲ್ಲಿ ಸಿಹಿ ಡಬ್ಬಿ ಹಿಡಿದು ಇಬ್ಬರೂ ಆ ಊರಿಗೆ ಹೋದೆವು. ಆತ ಈರುಳ್ಳಿ ಹಾಕಿಕೊಂಡು ಗುಂಡ್ಲುಪೇಟೆಗೆ ಹೋಗಿದ್ದರು. ಹೆಂಡತಿ ತೋಟದ ಮನೆಯ ಮುಂದೆ ಹುಲ್ಲು ಕತ್ತರಿಸುತ್ತಿದ್ದರು. ನಾವು ಯಾರೆಂದು ಅವರಿಗೆ ತಿಳಿಯಲಿಲ್ಲ. ಮಗಳು ಟ್ಯೂಬು, ಹಾಲು, ಹುಣಸೆ ಮರ ಎಲ್ಲವನ್ನೂ ವಿವರವಾಗಿ ಹೇಳಿದಳು. ಆಕೆ ಕುಡುಗೋಲು ಕೆಳಗಿಟ್ಟು ನಮ್ಮನ್ನೇ ನೋಡಿದರು.

‘ಹಂಗಾ? ಡೇರಿಯವ್ರೇ ಹಬ್ಬ ಅಂತ ಬ್ಯಾಗ ಬೀಗ ಹಾಕ್ಬುಟ್ಟವ್ರ ಅಂದಿದ್ರಲ್ಲ ಇವ್ರು!’

ನಾನು ಮಗಳ ಮುಖ ನೋಡಿದೆ, ಮಗಳು ನನ್ನ ಮುಖ ನೋಡಿದಳು. ಆತ ಮನೆಯಲ್ಲಿ ಮುಚ್ಚಿಟ್ಟಿದ್ದ ಗುಟ್ಟನ್ನು ನಾವು ಸಿಹಿ ಡಬ್ಬಿಯ ಸಮೇತ ಬಂದು ರಟ್ಟು ಮಾಡಿದ್ದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಜೋರಾಗಿ ನಕ್ಕು, ಒಳಗೆ ಹೋಗಿ ಎರಡು ದೊಡ್ಡ ಲೋಟ ಮಜ್ಜಿಗೆ ತಂದು ಮಗಳ ಕೈಗೆ ಮೊದಲು ಕೊಟ್ಟರು.

‘ಕುಡಿ ಕೂಸು. ಅವತ್ತಿನ ಮೊಸ್ರ ಮೂರು ದಿನ ಕಡ್ದೆ ಕನವ್ವ. ತೋಳು ಬಿದ್ದೋಯ್ತು ನಂಗ.’